ಪ್ರಾಯದ ಅಲಿ

ಕೇಳುಗರಿಗೆ ನಮಸ್ಕಾರ.

ನಮ್ಮ ಬದಿಯಡ್ಕದ ಕಡೆ ‘ಪ್ರಾಯ’ ಅನ್ನುವ ಮಾತಿಗೆ ಎರಡು ಅರ್ಥ. ‘ಪ್ರಾಯದಲ್ಲಿ ಅವರು ಒಂದೇ ಉಸಿರಿಗೆ ಅಡಿಕೆ ಮರ ಹತ್ತುತ್ತಿದ್ದರು’ ಅಂದರೆ ಅದು ಯೌವನ. ‘ಪಾಪ, ಅವರಿಗೆ ಪ್ರಾಯ ಆಯ್ತು’ ಅಂದರೆ ಮುದಿತನ. ಇವತ್ತು ನಾನು ಮಾತಾಡುವುದು ಈ ಎರಡು ಪ್ರಾಯಗಳ ನಡುವೆ ಸಿಕ್ಕಿಕೊಂಡ ಬಾಕ್ಸರ್ ಮುಹಮ್ಮದ್ ಅಲಿಯ ಬಗ್ಗೆ. ಅವನ ಹೆಸರಲ್ಲಿ ನಮ್ಮ ಎರಡು ಮನೆಗಳ ನಡುವೆ ನಲವತ್ತು ವರ್ಷದಿಂದ ನಡೆಯುತ್ತಿರುವ ಒಂದು ವಾದದ ಬಗ್ಗೆ.

ನೆರೆಮನೆಯವರು ದುಬೈಯಲ್ಲಿದ್ದರು. ನಾವೆಲ್ಲ ಅವರನ್ನು ಇಚ್ಚ ಅಂತಲೇ ಕರೆಯುವುದು. ನಾನು ಹೈಸ್ಕೂಲಿನಲ್ಲಿದ್ದಾಗ, ರಜೆಗೆ ಬರುವಾಗ ಒಂದು ವಿಸಿಆರ್ ತಂದರು. ಕಾಸರಗೋಡಿನ ಎಷ್ಟೋ ಮನೆಗಳಿಗೆ ಹೊರಗಿನ ಲೋಕ ಬಂದದ್ದು ಹಾಗೆಯೇ, ಗಲ್ಫಿನ ಪೆಟ್ಟಿಗೆಯೊಳಗೆ, ಅತ್ತರು, ಟಾರ್ಚು, ಬಟ್ಟೆಗಳ ನಡುವೆ. ಅವರ ಪೆಟ್ಟಿಗೆಯಲ್ಲಿ ಒಂದು ಕ್ಯಾಸೆಟ್ ಇತ್ತು. 1980ರ ಅಕ್ಟೋಬರ್ 2ರಂದು ಲಾಸ್ ವೇಗಸ್‌ನಲ್ಲಿ ನಡೆದ ಅಲಿ ಮತ್ತು ಆಗಿನ ಚಾಂಪಿಯನ್ ಲ್ಯಾರಿ ಹೋಮ್ಸ್ ಪಂದ್ಯ. ಸಂಜೆ ಹೊತ್ತು ವೋಲ್ಟೇಜು ಇರುತ್ತಿರಲಿಲ್ಲ. ರಾತ್ರಿ ಊಟ ಮುಗಿಸಿ, ಊರಿನ ದೀಪಗಳೆಲ್ಲ ಆರಿದ ಮೇಲೆ, ಜಗಲಿಯಲ್ಲಿ ಚಾಪೆ ಹಾಕಿ ಕೂತೆವು. ನನ್ನ ಸೋದರಮಾವನೂ ಬಂದಿದ್ದರು. ಮಾವ ಪ್ರಾಯದಲ್ಲಿ ಒಳ್ಳೆಯ ಕಬಡ್ಡಿ ಆಟಗಾರ. ಅವರು ರೈಡಿಗೆ ಹೋದರೆ ಬರಿಗೈಯಲ್ಲಿ ಬರುವುದಿಲ್ಲ ಅಂತ ಊರೇ ಹೇಳುತ್ತಿತ್ತು.

ಅಲಿ ಅಂದರೆ ಚಿಟ್ಟೆಯ ಹಾಗೆ ಕುಣಿಯುತ್ತಾನೆ ಅಂತ ಇಚ್ಚ ನಮಗೆ ಮೊದಲೇ ಹೇಳಿ ಇಟ್ಟಿದ್ದರು. ಟಿವಿಯಲ್ಲಿ ಕಂಡದ್ದು ಬೇರೆ. ಮನುಷ್ಯ ನೋಡಲು ಚೆನ್ನಾಗಿಯೇ ಇದ್ದ. ಹೊಟ್ಟೆ ಕರಗಿತ್ತು, ಕೂದಲು ಕಪ್ಪಾಗಿತ್ತು. ತೂಕ 217 ಪೌಂಡಿನ ಆಸುಪಾಸು, ಆರು ವರ್ಷದ ಹಿಂದೆ ಜಾರ್ಜ್ ಫೋರ್‌ಮನ್ನನ್ನು ಸೋಲಿಸಿದಾಗ ಇದ್ದಷ್ಟೇ. ಆದರೆ ಗಂಟೆ ಹೊಡೆದ ಮೇಲೆ ಅವನ ಕೈ ಏಳಲೇ ಇಲ್ಲ. ಹೋಮ್ಸ್‌ನ ಎಡಗೈ ಬರುತ್ತಲೇ ಇತ್ತು, ಮುಖಕ್ಕೆ ತಾಗುತ್ತಲೇ ಇತ್ತು. ಹತ್ತು ಸುತ್ತು. ಮೂವರು ತೀರ್ಪುಗಾರರೂ ಹತ್ತಕ್ಕೆ ಹತ್ತನ್ನೂ ಹೋಮ್ಸ್‌ಗೆ ಕೊಟ್ಟರು. ಹನ್ನೊಂದಕ್ಕೆ ಕಳಿಸದೆ ಅಲಿಯ ತರಬೇತುದಾರ ಏಂಜೆಲೋ ಡಂಡಿ ಪಂದ್ಯ ನಿಲ್ಲಿಸಿದರು. 61 ಪಂದ್ಯಗಳ ಬದುಕಿನಲ್ಲಿ ಅಲಿ ಹೀಗೆ ನಡುವಲ್ಲೇ ನಿಂತು ಸೋತದ್ದು ಅದೊಂದೇ ಸಲ.

ಇಚ್ಚ ಟಿವಿ ಆರಿಸಿ ಹೇಳಿದರು: ‘ಹತ್ತು ವರ್ಷ ಮೊದಲಾಗಿದ್ದರೆ ಈ ಹೋಮ್ಸ್ ಮೂರು ಸುತ್ತು ನಿಲ್ಲುತ್ತಿದ್ದನಾ?’

ಮಾವ ಎದ್ದು ಪಂಚೆ ಕಟ್ಟಿಕೊಳ್ಳುತ್ತಾ ಹೇಳಿದರು: ‘ಅಲ್ಲ ಇಚ್ಚ, ಆಡಿದ ದಿನದ ಲೆಕ್ಕವೇ ಲೆಕ್ಕ. ಗೆದ್ದವನ ಕೈಯಿಂದ ಕಿತ್ತುಕೊಳ್ಳಬಾರದು.’

ಅಷ್ಟೇ. ಅಲ್ಲಿಂದ ಶುರುವಾಯಿತು. ನಮ್ಮದು ತಾಳಮದ್ದಳೆಯ ಊರು. ಭೀಷ್ಮನದ್ದು ತಪ್ಪೋ ಸರಿಯೋ ಅಂತ ಬೆಳಗಾಗುವವರೆಗೆ ವಾದ ಕೇಳಿ ಬೆಳೆದವರು ನಾವು. ಪರಶುರಾಮನ ಎದುರು ನಿಂತ ಭೀಷ್ಮನೇ ಕುರುಕ್ಷೇತ್ರದಲ್ಲೂ ಇದ್ದಿದ್ದರೆ ಅರ್ಜುನ ಏನು ಮಾಡುತ್ತಿದ್ದ? ಈ ಪ್ರಶ್ನೆ ನಮಗೆ ಹೊಸದಲ್ಲ. ಮುಂದಿನ ವರ್ಷಗಳಲ್ಲಿ ಇಚ್ಚ ರಜೆಗೆ ಬಂದಾಗಲೆಲ್ಲ ಇದು ಬಂದೇ ಬರುತ್ತಿತ್ತು. ಅರ್ಧ ತುಳು, ಅರ್ಧ ಮಲಯಾಳ, ಸಿಟ್ಟು ಬಂದರೆ ಕನ್ನಡ.

ದೊಡ್ಡವನಾದ ಮೇಲೆ ನಾನು ಈ ವಿಷಯ ಸ್ವಲ್ಪ ಓದಿದೆ. ಸಿಕ್ಕಿದ ಹಳೆಯ ಪಂದ್ಯಗಳನ್ನು ನೋಡಿದೆ. ಮೊದಲು ಹೊಳೆದದ್ದು ಇದು: ಇಚ್ಚ ಹೇಳಿದ ‘ಹತ್ತು ವರ್ಷ ಮೊದಲು’ ಅಂದರೆ 1970ರ ಅಕ್ಟೋಬರ್. ಅಲಿ ಮತ್ತೆ ರಿಂಗಿಗೆ ಬಂದದ್ದು ಅದೇ ತಿಂಗಳು! ವಿಯೆಟ್ನಾಂ ಯುದ್ಧಕ್ಕೆ ಹೋಗುವುದಿಲ್ಲ ಅಂತ 1967ರಲ್ಲಿ ಹೇಳಿದ್ದಕ್ಕೆ ಅವನ ಪಟ್ಟ ಕಿತ್ತುಕೊಂಡರು, ಲೈಸೆನ್ಸು ಕಿತ್ತುಕೊಂಡರು. ಮೂರೂವರೆ ವರ್ಷ ಅವನಿಗೆ ಪಂದ್ಯವೇ ಇಲ್ಲ. ಇಪ್ಪತ್ತೈದರಿಂದ ಇಪ್ಪತ್ತೆಂಟರವರೆಗೆ. ಒಬ್ಬ ಬಾಕ್ಸರನ ಪ್ರಾಯ ಅಂದರೆ ಅದೇ ಅಲ್ವಾ? ಆಮೇಲೆ ಅಮೆರಿಕದ ಸುಪ್ರೀಂ ಕೋರ್ಟು ಅವನ ಪರವಾಗಿ ತೀರ್ಪು ಕೊಟ್ಟಿತು. ವರ್ಷಗಳನ್ನು ಯಾರು ಕೊಡಬೇಕು? ಅಲಿಯ ನಿಜವಾದ ತುಂಬು ಪ್ರಾಯವನ್ನು ಯಾರೂ ನೋಡಲೇ ಇಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಮರಳಿ ಬಂದ ಅಲಿ ಬೇರೆಯೇ ಮನುಷ್ಯ. ಮೊದಲಿನ ಅಲಿ ಕೈ ಕೆಳಗೆ ಬಿಟ್ಟು, ತಲೆಯನ್ನು ಒಂದು ಬೆರಳಷ್ಟು ಹಿಂದೆ ಎಳೆದು ಪೆಟ್ಟು ತಪ್ಪಿಸುತ್ತಿದ್ದ. ಅದಕ್ಕೆ ಕಣ್ಣು, ಕಾಲು ಎರಡೂ ಒಟ್ಟಿಗೆ ಕೆಲಸ ಮಾಡಬೇಕು. ಮಾವ ಕಬಡ್ಡಿ ಬಿಟ್ಟ ಕಾಲದ ಬಗ್ಗೆ ಹೇಳುತ್ತಿದ್ದರು: ‘ಹಿಡಿಯಲು ಬರುವವನು ನನಗೆ ಮೊದಲಿನ ಹಾಗೇ ಕಾಣುತ್ತಿದ್ದ. ತಪ್ಪಿಸಿಕೋ ಅಂತ ಮನಸ್ಸು ಹೇಳುತ್ತಿತ್ತು. ಕಾಲು ಮಾತ್ರ ಒಂದು ಗಳಿಗೆ ತಡವಾಗಿ ಕೇಳುತ್ತಿತ್ತು.’ ಅಲಿಗೂ ಅದೇ ಆಯಿತು. ಕಾಲು ಕೊಡದೆ ಇದ್ದಾಗ ಅವನು ಬೇರೆ ದಾರಿ ಹುಡುಕಿದ. 1974ರಲ್ಲಿ ಕಿನ್ಶಾಸದಲ್ಲಿ, ತನಗಿಂತ ಏಳು ವರ್ಷ ಚಿಕ್ಕವನಾದ ಫೋರ್‌ಮನ್ ಎದುರು ಹಗ್ಗಕ್ಕೆ ಒರಗಿ ನಿಂತ. ಹೊಡೆ, ಹೊಡೆ ಅಂತ ಬಿಟ್ಟ. ಹೊಡೆದೂ ಹೊಡೆದೂ ಫೋರ್‌ಮನ್ ಸುಸ್ತಾದ. ಎಂಟನೇ ಸುತ್ತಿನಲ್ಲಿ ಅಲಿ ಅವನನ್ನು ಕೆಡವಿದ. ಇಪ್ಪತ್ನಾಲ್ಕರ ಅಲಿಗೆ ಈ ಉಪಾಯ ಹೊಳೆಯುತ್ತಿರಲಿಲ್ಲ, ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಆದರೆ ಹಾಗೆ ತಿಂದ ಪೆಟ್ಟು ಎಲ್ಲಿಗೂ ಹೋಗುವುದಿಲ್ಲ, ಮೈಯಲ್ಲೇ ಉಳಿಯುತ್ತದೆ. ಮರುವರ್ಷ ಮನಿಲಾದಲ್ಲಿ ಹಳೆಯ ಎದುರಾಳಿ ಜೋ ಫ್ರೇಜರ್ ಜೊತೆ ಹದಿನಾಲ್ಕು ಸುತ್ತು. 1977ರಲ್ಲಿ ಶೇವರ್ಸ್ ಎಂಬ ಭಾರೀ ಹೊಡೆತಗಾರನ ಜೊತೆ ಹದಿನೈದು. ಹೋಮ್ಸ್ ಪಂದ್ಯಕ್ಕೆ ಮೊದಲು ವೈದ್ಯರು ಪರೀಕ್ಷೆ ಮಾಡಿದಾಗ, ಒಂಟಿಕಾಲಲ್ಲಿ ಕುಪ್ಪಳಿಸುವುದೂ ಅವನಿಗೆ ಸರಿಯಾಗಿ ಆಗುತ್ತಿರಲಿಲ್ಲ. ಅದರ ಮೇಲೆ ತೂಕ ಇಳಿಸುವ ಥೈರಾಯ್ಡ್ ಮಾತ್ರೆ. ನಾವು ಜಗಲಿಯಲ್ಲಿ ಕೂತು ಮೆಚ್ಚಿದ ಆ ತೆಳ್ಳಗಿನ ಮೈಯೊಳಗೆ ಶಕ್ತಿಯೇ ಇರಲಿಲ್ಲ. ಅವನನ್ನು ಆ ದಿನ ರಿಂಗಿಗೆ ಬಿಡಲೇಬಾರದಿತ್ತು.

ಹಾಗಾದರೆ 1966ರ ಅಲಿ, 1980ರ ಹೋಮ್ಸ್ ಎದುರುಬದುರಾಗಿದ್ದರೆ? ನನ್ನ ತೀರ್ಮಾನ ಹೇಳಿಬಿಡುತ್ತೇನೆ: ಅಲಿ ಗೆಲ್ಲುತ್ತಿದ್ದ. ಆದರೆ ಇಚ್ಚ ಹೇಳಿದ ಹಾಗೆ ಮೂರು ಸುತ್ತಿನಲ್ಲಿ ಅಲ್ಲ. ಹದಿನೈದು ಸುತ್ತು ಪೂರ್ತಿ ನಡೆದು, ಅಂಕಗಳ ಮೇಲೆ. ಹೋಮ್ಸ್‌ನ ಎಡಗೈಗೆ ನಿಂತ ಗುರಿ ಬೇಕು, ಆ ಅಲಿ ನಿಲ್ಲುವವನಲ್ಲ. ಆದರೂ ಸುಲಭ ಅಂತ ನಾನು ಹೇಳಲಾರೆ. ಎಡಗೈ ಚೆನ್ನಾಗಿದ್ದ ಕೆನ್ ನಾರ್ಟನ್ 1973ರಲ್ಲಿ ಅಲಿಯ ದವಡೆ ಮುರಿದಿದ್ದ. ಅದೇ ನಾರ್ಟನ್‌ನನ್ನು ಸೋಲಿಸಿಯೇ ಹೋಮ್ಸ್ 1978ರಲ್ಲಿ ಪಟ್ಟ ಪಡೆದದ್ದು.

ಹಿಂದೆ ಕಂಪ್ಯೂಟರಿಗೂ ಇಂಥ ಲೆಕ್ಕ ಕೊಟ್ಟು ನೋಡಿದ್ದಾರೆ. 1969ರಲ್ಲಿ ಅಲಿಯನ್ನೂ, ರಿಂಗು ಬಿಟ್ಟು ಹದಿಮೂರು ವರ್ಷವಾಗಿದ್ದ ರಾಕಿ ಮಾರ್ಸಿಯಾನೋನನ್ನೂ ಕ್ಯಾಮೆರಾ ಮುಂದೆ ನಿಲ್ಲಿಸಿದರು. ಕಂಪ್ಯೂಟರಿನ ಲೆಕ್ಕದಂತೆ ಹದಿಮೂರನೇ ಸುತ್ತಿನಲ್ಲಿ ಮಾರ್ಸಿಯಾನೋ ಗೆದ್ದ ಅಂತ ತೋರಿಸಿದರು. ಅದು ಜನರ ಮುಂದೆ ಬರುವ ಹೊತ್ತಿಗೆ ಮಾರ್ಸಿಯಾನೋ ವಿಮಾನ ಅಪಘಾತದಲ್ಲಿ ತೀರಿಹೋಗಿದ್ದ. ಅದನ್ನು ನಂಬಿ ಯಾರೂ ವಾದ ನಿಲ್ಲಿಸಲಿಲ್ಲ.

ಮಾವನ ಮಾತಿನ ತೂಕ ನನಗೆ ಗೊತ್ತಾದದ್ದು ಹೋಮ್ಸ್‌ನ ಕಥೆ ಓದಿದ ಮೇಲೆ. ಹೋಮ್ಸ್ ಮೊದಲು ಅಲಿಯ ಅಭ್ಯಾಸದ ಜೊತೆಗಾರ. ಅಲಿಯ ಕೈಯಿಂದ ಪೆಟ್ಟು ತಿಂದೇ ಕಲಿತವನು. ಆ ರಾತ್ರಿ ಗೆದ್ದ ಮೇಲೆ ಅವನು ಅತ್ತ. ತಾನು ಪ್ರೀತಿಸಿದ ಮನುಷ್ಯನನ್ನು ಹೊಡೆಯಬೇಕಾಯಿತಲ್ಲ ಅಂತ. ಮುಂದೆಯೂ ಗೆಲ್ಲುತ್ತಾ ಹೋಗಿ, ತನ್ನ ಮೊದಲ ಪಂದ್ಯದಿಂದ ಲೆಕ್ಕ ಹಾಕಿದರೆ ಸತತ 48 ಪಂದ್ಯ ಗೆದ್ದ. ಅಂಥವನ ಬಗ್ಗೆ ನಮ್ಮ ಜಗಲಿಯಲ್ಲಿ ಏನು ಹೇಳಿದೆವು? ಮುದುಕನಾದ ಅಲಿಯನ್ನು ಹೊಡೆದವನು ಅಂತ. 1988ರ ಜನವರಿಯಲ್ಲಿ ಇಪ್ಪತ್ತೊಂದರ ಮೈಕ್ ಟೈಸನ್ ನಾಲ್ಕನೇ ಸುತ್ತಿನಲ್ಲಿ ಹೋಮ್ಸ್‌ನನ್ನು ಕೆಡವಿದಾಗ ಹೋಮ್ಸ್‌ಗೆ ಪ್ರಾಯ ಮೂವತ್ತೆಂಟು. ಲಾಸ್ ವೇಗಸ್‌ನಲ್ಲಿ ಅಲಿಗೆ ಇದ್ದದ್ದೂ ಮೂವತ್ತೆಂಟೇ. ‘ಪ್ರಾಯದ ಹೋಮ್ಸ್ ಆಗಿದ್ದರೆ?’ ಅಂತ ನಮ್ಮಲ್ಲಿ ಕೇಳಿದವರು ಮಾವ ಒಬ್ಬರೇ.

ಮಾವ ಈಗ ಇಲ್ಲ. ಅವರು ಹೋದ ಮೇಲೆ ಅವರ ಪಕ್ಷವನ್ನು ನಾನು ಹಿಡಿದಿದ್ದೇನೆ. ಇಲ್ಲದಿದ್ದರೆ ಇಚ್ಚನಿಗೆ ಎದುರು ಮಾತಾಡುವವರು ಯಾರು?

2024ರ ನವೆಂಬರಿನಲ್ಲಿ, ಒಂದು ಶನಿವಾರ ಬೆಳಿಗ್ಗೆ, ಇಚ್ಚನ ಮೊಮ್ಮಗ ಮೊಬೈಲಿನಲ್ಲಿ ಟೈಸನ್ ಪಂದ್ಯ ಹಾಕಿದ. ಆಗ ಟೈಸನ್‌ಗೆ ಐವತ್ತೆಂಟು. ಎದುರಿಗೆ ಯೂಟ್ಯೂಬಿನಿಂದ ಬಾಕ್ಸಿಂಗಿಗೆ ಬಂದ ಇಪ್ಪತ್ತೇಳರ ಜೇಕ್ ಪಾಲ್. ಎಂಟು ಸುತ್ತು, ಎರಡೆರಡು ನಿಮಿಷದ್ದು. ಟೈಸನ್ ಸೋತ. ‘ಪ್ರಾಯದ ಟೈಸನ್ ಆಗಿದ್ದರೆ ಇವನು ಒಂದು ನಿಮಿಷ ನಿಲ್ಲುತ್ತಿದ್ದನಾ?’ ಅಂದ ಹುಡುಗ. ಅದೇ ಜಗಲಿ, ಅದೇ ಮಾತು.

ಇಚ್ಚನಿಗೆ ಈಗ ಕಣ್ಣು ಸ್ವಲ್ಪ ಮಂಜು. ಮೊಬೈಲನ್ನು ಹತ್ತಿರ ಹಿಡಿದು, ‘1966ರ ಅಲಿಯನ್ನು ಹಾಕು’ ಅಂದರು. ಹೂಸ್ಟನ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಜೊತೆ ನಡೆದ ಪಂದ್ಯ ಸಿಕ್ಕಿತು. ಅಲಿಯ ಅತ್ಯುತ್ತಮ ರಾತ್ರಿ ಅಂದರೆ ಅದೇ ಅಂತ ಬಲ್ಲವರು ಹೇಳುತ್ತಾರೆ. ಮೂರನೇ ಸುತ್ತಿಗೆ ಮುಗಿಯಿತು. ಅಲಿಯ ಕಾಲು ನೆಲಕ್ಕೆ ತಾಗುತ್ತದೋ ಇಲ್ಲವೋ ಅನ್ನುವ ಹಾಗಿದೆ. ಇಚ್ಚ ಉಸಿರು ಬಿಡದೆ ನೋಡಿದರು. ಮತ್ತೆ ಒಂದು ಸಲ ಹಾಕಿಸಿದರು. ಆಮೇಲೆ ಕೇಳಿದರು:

‘ಆ ಬಿದ್ದವನಿಗೆ ಪ್ರಾಯ ಎಷ್ಟು?’

‘ಮೂವತ್ತಮೂರು’ ಅಂದೆ. ಅದಕ್ಕೆ ಎರಡು ವರ್ಷ ಮೊದಲು ಅವನಿಗೆ ಪೊಲೀಸಿನವನ ಗುಂಡು ತಾಗಿತ್ತು, ಒಂದು ಕಿಡ್ನಿ ಹೋಗಿತ್ತು, ಗುಂಡು ಮೈಯಲ್ಲಿ ಇಟ್ಟುಕೊಂಡೇ ಆ ದಿನ ರಿಂಗಿಗೆ ಬಂದಿದ್ದ ಅಂತಲೂ ಹೇಳಿದೆ.

ಇಚ್ಚ ತುಂಬ ಹೊತ್ತು ಸುಮ್ಮನೆ ಕೂತರು. ಮೊಬೈಲನ್ನು ಮೊಮ್ಮಗನ ಕೈಗೆ ಕೊಟ್ಟರು.

‘ನಿನ್ನ ಮಾವನಿಗೆ ಇದು ಗೊತ್ತಿತ್ತಾ?’

‘ಇಲ್ಲ ಇಚ್ಚ.’

‘ಗೊತ್ತಿದ್ದರೆ ಅವರು ನನ್ನನ್ನು ಅವತ್ತೇ ಸೋಲಿಸುತ್ತಿದ್ದರು’ ಅಂದರು.