ಇಂಟರ್ನೆಟ್‌ಗೂ ತೆರಿಗೆನಾ? ಹಾಕಿದರೆ ಯಾರ ಜೇಬಿಗೆ ಕತ್ತರಿ?

[ಸ್ಕ್ರೀನ್ ಮೇಲೆ: ಬೇಕರಿ ಗೋಡೆಯ ಬೋರ್ಡ್, ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’]

ನಮಸ್ಕಾರ. 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಈ ಬೋರ್ಡ್ ನೀವೂ ನೋಡಿರುತ್ತೀರಿ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತೆಗೆದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ಒಳಗಿಟ್ಟರು. ಆಗಿನಿಂದ ಒಂದು ಪ್ರಶ್ನೆ ಊರೆಲ್ಲ ಸುತ್ತುತ್ತಿದೆ: ಸರ್ಕಾರ ಇನ್ನು ಇಂಟರ್ನೆಟ್‌ಗೂ ತೆರಿಗೆ ಹಾಕುತ್ತಾ?

ಆಗಲೇ ಹಾಕಿದೆ ಮಾರಾಯ್ರೇ. 299 ರೂಪಾಯಿ ರೀಚಾರ್ಜ್ ಮಾಡಿಸಿದರೆ ಅದರಲ್ಲಿ 45 ರೂಪಾಯಿ 61 ಪೈಸೆ ಜಿಎಸ್‌ಟಿ. ಶೇ. 18. ಆ್ಯಪ್‌ನಲ್ಲಿ ದೋಸೆ ತರಿಸಿದರೆ ದೋಸೆಗೆ ಶೇ. 5, ಪ್ಲಾಟ್‌ಫಾರ್ಮ್ ಫೀಗೆ ಶೇ. 18, 2025ರ ಸೆಪ್ಟೆಂಬರ್‌ನಿಂದ ಡೆಲಿವರಿ ಚಾರ್ಜ್‌ಗೂ ಶೇ. 18. ದೋಸೆ ಹುಯ್ಯುವ ಕೆಲಸಕ್ಕಿಂತ ಅದನ್ನು ಹೊತ್ತು ತರುವ ಕೆಲಸಕ್ಕೇ ತೆರಿಗೆ ದರ ಜಾಸ್ತಿ!

ಹಾಗಾಗಿ ಕೇಳಬೇಕಾದ್ದು ತೆರಿಗೆ ಬೇಕಾ ಬೇಡವಾ ಅಂತಲ್ಲ. ಯಾವುದರ ಮೇಲೆ, ಮತ್ತು ಕೊನೆಗೆ ಕಟ್ಟೋರು ಯಾರು? ಇದಕ್ಕೆ ಉಗಾಂಡಕ್ಕೆ ಹೋಗಿ ಬರಬೇಕು. ಸ್ವಲ್ಪ ಹೊತ್ತು ಅಲ್ಲೇ ಇರೋಣ, ಕಥೆ ಅಷ್ಟು ಚೆನ್ನಾಗಿದೆ.

[ಸ್ಕ್ರೀನ್ ಮೇಲೆ: ಉಗಾಂಡ, 1 ಜುಲೈ 2018]

ಅಲ್ಲಿನ ಅಧ್ಯಕ್ಷ ಮುಸೆವೆನಿ ಹಣಕಾಸು ಸಚಿವರಿಗೆ ಒಂದು ಪತ್ರ ಬರೆದರು. ಜನ ಸೋಷಿಯಲ್ ಮೀಡಿಯಾದಲ್ಲಿ ಕೂತು ಹರಟೆ ಹೊಡೆಯುತ್ತಾರೆ, ಆ ಹರಟೆಗೆ ತೆರಿಗೆ ಹಾಕಿ ಅಂತ. ಹಾಕಿಯೇ ಬಿಟ್ಟರು. ವಾಟ್ಸ್ಆ್ಯಪ್, ಫೇಸ್‌ಬುಕ್, ಟ್ವಿಟರ್ ತೆರೆಯಬೇಕಾ? ದಿನಕ್ಕೆ 200 ಶಿಲಿಂಗ್. ಆಗಿನ ಲೆಕ್ಕದಲ್ಲಿ ನಮ್ಮ ಸುಮಾರು ಮೂರೂವರೆ ರೂಪಾಯಿ. ಡೇಟಾ ಪ್ಯಾಕ್‌ಗೆ ಕೊಟ್ಟ ದುಡ್ಡು ಬೇರೆ, ಇದು ಬೇರೆ. ಕಟ್ಟದಿದ್ದರೆ ಆ್ಯಪ್ ತೆರೆಯುವುದಿಲ್ಲ. ಬೆಳಿಗ್ಗೆ ಎದ್ದು ಫ್ಯಾಮಿಲಿ ಗ್ರೂಪಿಗೆ ಗುಡ್ ಮಾರ್ನಿಂಗ್ ಕಳಿಸಲೂ ಮೂರೂವರೆ ರೂಪಾಯಿ! ನಮ್ಮಲ್ಲಿ ಹಾಕಿದ್ದರೆ ಎಷ್ಟೋ ಗ್ರೂಪು ತಣ್ಣಗಾಗುತ್ತಿದ್ದವು, ಅದು ಬಿಡಿ.

ಜನ ಸುಮ್ನೆ ಕೂರುತ್ತಾರಾ? ಯಾವ ಆ್ಯಪ್ ಬಳಸುತ್ತಿದ್ದೇವೆ ಅಂತ ಮರೆಮಾಚುವ ವಿಪಿಎನ್ ಹಾಕಿಕೊಂಡರು. ಮೊದಲ ವರ್ಷ ಸರ್ಕಾರ ಅಂದಾಜು ಮಾಡಿದ್ದು 284 ಬಿಲಿಯನ್ ಶಿಲಿಂಗ್. ಬಂದಿದ್ದು 50 ಬಿಲಿಯನ್‌ಗೂ ಕಡಿಮೆ. 2021ರಲ್ಲಿ ಅದನ್ನು ತೆಗೆದು ಡೇಟಾದ ಮೇಲೆಯೇ ಶೇ. 12 ಹಾಕಿದರು. ಡೇಟಾ ತೆರಿಗೆಗೆ ವಿಪಿಎನ್ ನಡೆಯಲ್ಲವಲ್ಲ!

ನಮ್ಮ ಕಡೆ ಸಂತೆ ಸುಂಕ ನೋಡಿದ್ದೀರಲ್ಲ? ಹರಾಜು ಹಿಡಿದವನು ಬೆಳಿಗ್ಗೆಯೇ ರಸೀದಿ ಪುಸ್ತಕ ಹಿಡಿದು ಬರುತ್ತಾನೆ. ಗೋಣಿಚೀಲ ಹಾಸಿ ಮಾರಲು ಕೂತವರ ಹತ್ತಿರ ವಸೂಲಿ ಮಾಡುತ್ತಾನೆ. ಬೀಗರು ಸಿಗಬಹುದು ಅಂತ ಬಂದು ಹರಟೆ ಹೊಡೆಯುತ್ತಾ ನಿಂತ ಅಜ್ಜನ ಹತ್ತಿರ ಕೇಳುವುದಿಲ್ಲ. ಉಗಾಂಡ ಕೇಳಿದ್ದು ಆ ಅಜ್ಜನನ್ನು. ಅದೂ ದಿನಾ.

ಹಂಗೇರಿಯೂ 2014ರಲ್ಲಿ ಪ್ರತಿ ಜಿಬಿಗೆ 150 ಫೋರಿಂಟ್ ಹಾಕಲು ಹೊರಟಿತ್ತು. ಬುಡಾಪೆಸ್ಟ್‌ನಲ್ಲಿ ಜನ ಬೀದಿಗಿಳಿದರು. ತಿಂಗಳು ಮುಗಿಯುವುದರೊಳಗೆ ಆಗಿನ ಪ್ರಧಾನಿ ಓರ್ಬಾನ್ ಕೈಬಿಟ್ಟರು.

ನನ್ನ ಮಾತು ಕೇಳಿದರೆ, ಬಳಕೆಗೆ ತೆರಿಗೆ ಬೇಡ, ವ್ಯಾಪಾರಕ್ಕೆ ಇರಲಿ. ಜಯನಗರದ ಅಂಗಡಿಯವರು ಜಿಎಸ್‌ಟಿ ಕಟ್ಟುವಾಗ ಅದೇ ಸೀರೆಯನ್ನು ಆನ್‌ಲೈನ್‌ನಲ್ಲಿ ಮಾರುವವರೂ ಕಟ್ಟಲಿ. ಆದರೆ ಆನ್‌ಲೈನ್ ಲೆಕ್ಕ ಸಿಕ್ಕಿತು ಅಂತ ಕಣ್ಣು ಮುಚ್ಚಿ ಗುಣಿಸಬಾರದು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ನೋಟಿಸ್‌ನಲ್ಲಿ ಇದ್ದದ್ದು 29 ಲಕ್ಷ ರೂಪಾಯಿ. 4 ವರ್ಷದ ವಹಿವಾಟು 1 ಕೋಟಿ 63 ಲಕ್ಷ. ಶೇ. 18 ಹಾಕಿ ನೋಡಿ, 29 ಲಕ್ಷ ಬರುತ್ತದೆ. ತಾಜಾ ತರಕಾರಿಗೆ ಜಿಎಸ್‌ಟಿ ಎಷ್ಟು? ಸೊನ್ನೆ. ಪ್ರತಿಭಟನೆ ಜೋರಾದ ಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಅಂದರು. ಇನ್ನೊಂದು ಮಾತು, ಯುಪಿಐಗೆ ಅಂತ ಬೇರೆ ತೆರಿಗೆ ಇಲ್ಲ. ತೆರಿಗೆ ಇರುವ ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಕ್ಯಾಶ್‌ನಲ್ಲಿ ದಾಟಿದರೂ ಅಷ್ಟೇ.

[ಸ್ಕ್ರೀನ್ ಮೇಲೆ: ದೊಡ್ಡ ಕಂಪನಿಗಳು ಕಟ್ಟುತ್ತವಾ?]

ಟೈಮ್ ಆಗ್ತಾ ಇದೆ, ಬೇಗ ಹೇಳುತ್ತೇನೆ. ಬ್ರಿಟನ್ 2020ರ ಏಪ್ರಿಲ್‌ನಿಂದ ದೊಡ್ಡ ಡಿಜಿಟಲ್ ಕಂಪನಿಗಳ ವರಮಾನಕ್ಕೆ ಶೇ. 2 ತೆರಿಗೆ ಹಾಕಿತು. ಅದೇ ವರ್ಷ ನವೆಂಬರ್‌ನಿಂದ ಗೂಗಲ್, ಬ್ರಿಟನ್‌ನಲ್ಲಿ ಕಾಣಿಸುವ ಜಾಹೀರಾತಿನ ಬಿಲ್‌ಗೆ ಎಷ್ಟು ಸೇರಿಸಿತು ಹೇಳಿ? ಸರಿಯಾಗಿ ಶೇ. 2. ಹೊರೆ ಹೋಗಿ ಕೂತಿದ್ದು ಜಾಹೀರಾತು ಕೊಡುವ ಸಣ್ಣ ಅಂಗಡಿಯ ತಲೆ ಮೇಲೆ. ಲಾಭದ ಮೇಲೆ ತೆರಿಗೆ ಹಾಕಿದರೆ ಹೀಗೆ ದಾಟಿಸುವುದು ಕಷ್ಟ. ಆದರೆ ಲಾಭ ಯಾವ ದೇಶದ್ದು ಅಂತ ಎಲ್ಲರೂ ಕೂತು ಹಂಚಿಕೊಳ್ಳಬೇಕು. 2021ರಲ್ಲಿ 130ಕ್ಕೂ ಜಾಸ್ತಿ ದೇಶಗಳು ತತ್ವಕ್ಕೆ ಒಪ್ಪಿದವು. ಹಂಚಿಕೆ ಮಾತ್ರ ಕಾಗದದಲ್ಲೇ ಉಳಿಯಿತು.

ನಾವೂ 2016ರಲ್ಲಿ ವಿದೇಶಿ ಕಂಪನಿಗಳ ಆನ್‌ಲೈನ್ ಜಾಹೀರಾತಿಗೆ ಶೇ. 6, 2020ರಲ್ಲಿ ಅವುಗಳ ಇ-ಕಾಮರ್ಸ್‌ಗೆ ಶೇ. 2 ಹಾಕಿದ್ದೆವು. ಅಮೆರಿಕ ಮುಖ ಗಂಟಿಕ್ಕಿತು. ಶೇ. 2ರದ್ದನ್ನು 2024ರ ಆಗಸ್ಟ್‌ನಲ್ಲಿ, ಶೇ. 6ರದ್ದನ್ನು 2025ರ ಏಪ್ರಿಲ್‌ನಲ್ಲಿ ತೆಗೆದೆವು. ಆ ಅಮೆರಿಕದ ಸುಪ್ರೀಂ ಕೋರ್ಟೇ 2018ರಲ್ಲಿ, ರಾಜ್ಯದಲ್ಲಿ ಅಂಗಡಿ ಇಲ್ಲದ ಆನ್‌ಲೈನ್ ಮಾರಾಟಗಾರರಿಂದಲೂ ಆಯಾ ರಾಜ್ಯ ಸೇಲ್ಸ್ ಟ್ಯಾಕ್ಸ್ ಕೇಳಬಹುದು ಅಂದಿತ್ತು ಅನ್ನುವುದು ಬೇರೆ ಮಾತು.

ಆ್ಯಪ್ ಮೂಲಕ ಕೆಲಸ ಮಾಡುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ ತಂದ 2025ರ ಕಾಯ್ದೆ ನನಗೆ ಇಷ್ಟ. ಡೆಲಿವರಿ ಹುಡುಗರಿಗೆ, ಕ್ಯಾಬ್ ಚಾಲಕರಿಗೆ ಪ್ರತಿ ವ್ಯವಹಾರದಲ್ಲಿ ಕೊಡುವ ದುಡ್ಡಿನ ಲೆಕ್ಕದಲ್ಲಿ ಶೇ. 1ರಿಂದ 5ರವರೆಗೆ ಶುಲ್ಕವನ್ನು ಕಂಪನಿ ಕಟ್ಟಬೇಕು. ಅದು ಅವರದೇ ಕಲ್ಯಾಣ ನಿಧಿಗೆ ಹೋಗುತ್ತದೆ. ಕಟ್ಟೋರು ಯಾರು, ದುಡ್ಡು ಎಲ್ಲಿಗೆ ಅಂತ ಕಾಯ್ದೆಯಲ್ಲೇ ಇದೆ. ಆ ಶುಲ್ಕವೂ ಪ್ಲಾಟ್‌ಫಾರ್ಮ್ ಫೀ ಹೆಸರಲ್ಲಿ ನಿಮ್ಮ ಬಿಲ್‌ಗೇ ಬಂದು ಕೂತರೆ? ಬಿಲ್ ಸ್ಕ್ರೀನ್‌ಶಾಟ್ ಕಳಿಸಿ, ಹೆಸರು, ವಿಳಾಸ ಅಳಿಸಿ. ಮುಂದಿನ ವಿಡಿಯೋದಲ್ಲಿ ಲೆಕ್ಕ ಬಿಡಿಸೋಣ.