ಬೆಲ್‌ಫಾಸ್ಟಿನ ಕ್ರೌನ್: ಹತ್ತು ಗೂಡುಗಳ ಪಾನಗೃಹ

ಕೇಳುಗರೆಲ್ಲರಿಗೂ ನಮಸ್ಕಾರ.

ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟಿನಲ್ಲಿ ಗ್ರೇಟ್ ವಿಕ್ಟೋರಿಯಾ ಸ್ಟ್ರೀಟ್ ಎಂಬ ಬೀದಿಯೊಂದಿದೆ. ಅಲ್ಲಿ, ಯೂರೋಪಾ ಎಂಬ ದೊಡ್ಡ ಹೋಟೆಲಿನ ಎದುರು ಮೂಲೆಯಲ್ಲಿ, ಮೈತುಂಬ ಬಣ್ಣಬಣ್ಣದ ಟೈಲ್ಸ್ ಹೊದ್ದುಕೊಂಡಿರುವ ಹಳೆಯ ಕಟ್ಟಡವೊಂದು ದಾರಿಹೋಕರ ಕಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಅದರ ಪೂರ್ತಿ ಹೆಸರು ಕ್ರೌನ್ ಲಿಕರ್ ಸಲೂನ್; ಊರಿನವರಿಗೆ ಅದು ಬರೀ ಕ್ರೌನ್ ಬಾರ್. ಇಂದಿನ ನನ್ನ ಮಾತು ಈ ಪಬ್ಬಿನ ಒಳಾಂಗಣವನ್ನು ಕುರಿತದ್ದು. ಪಬ್ ಎಂದೊಡನೆ ಬೆಂಗಳೂರಿನ ಕೇಳುಗರಿಗೆ ಮಬ್ಬು ಬೆಳಕೂ ಕಿವಿಗಡಚಿಕ್ಕುವ ಸಂಗೀತವೂ ನೆನಪಾಗಬಹುದು. ಆದರೆ ಆ ಪದ ‘ಪಬ್ಲಿಕ್ ಹೌಸ್’ ಎಂಬುದರ ಮೊಟಕು ರೂಪ. ಕೆಲಸ ಮುಗಿಸಿ ಬಂದವರು ಸ್ವಂತ ಮನೆಯ ಚಳಿ, ಕತ್ತಲೆ, ಇಕ್ಕಟ್ಟನ್ನು ಒಂದೆರಡು ಗಂಟೆ ಮರೆತು ಕೂರಬಹುದಾಗಿದ್ದ ಊರೊಟ್ಟಿನ ಮನೆ ಅದು. ಈ ಹಿನ್ನೆಲೆಯಿಲ್ಲದೆ ನೋಡಿದರೆ ಕ್ರೌನ್‌ನ ವೈಭವ ಬರಿಯ ಆಡಂಬರವಾಗಿ ಕಂಡೀತು.

ಈ ಜಾಗದಲ್ಲಿ 1826ರಿಂದಲೇ ಹೆಂಡದಂಗಡಿಯಿತ್ತು ಎಂದು ಹೇಳುತ್ತಾರೆ. ಮೊದಲು ಅದಕ್ಕೆ ರೈಲ್ವೆ ಟ್ಯಾವರ್ನ್ ಎಂಬ ಹೆಸರಿತ್ತಂತೆ. ಬೆಲ್‌ಫಾಸ್ಟಿನಿಂದ ಮೊದಲ ರೈಲು ಹೊರಟದ್ದು 1839ರಲ್ಲಿ. ಆದ್ದರಿಂದ ಅಂಗಡಿ ಎಷ್ಟೇ ಹಳೆಯದಾಗಿದ್ದರೂ ಆ ಹೆಸರು ಎದುರಿಗೆ ರೈಲ್ವೆ ನಿಲ್ದಾಣ ಬಂದ ಮೇಲಿನದೇ ಆಗಿರಬೇಕು. ನಾವು ಇಂದು ನೋಡುವ ಕ್ರೌನ್ ರೂಪುಗೊಂಡದ್ದು ಪ್ಯಾಟ್ರಿಕ್ ಫ್ಲಾನಗನ್ ಎಂಬ ಮಾಲೀಕನ ಕಾಲದಲ್ಲಿ, 1885ರಿಂದ ಈಚೆಗೆ. ಲಿನನ್ ಬಟ್ಟೆಯ ಗಿರಣಿಗಳೂ ಹಡಗು ಕಟ್ಟುವ ಕಾರ್ಖಾನೆಗಳೂ ಬೆಲ್‌ಫಾಸ್ಟನ್ನು ದಿನದಿನಕ್ಕೆ ಉಬ್ಬಿಸುತ್ತಿದ್ದ ಕಾಲ ಅದು. 1888ರಲ್ಲಿ ಅದಕ್ಕೆ ನಗರವೆಂಬ ಅಧಿಕೃತ ಪದವಿ ಸಿಕ್ಕಿತು. 1901ರ ಹೊತ್ತಿಗೆ ಜನಸಂಖ್ಯೆ ಸುಮಾರು ಮೂರೂವರೆ ಲಕ್ಷ ಮುಟ್ಟಿತ್ತು. ಕೈಯಲ್ಲಿ ಕೂಲಿ ಹಿಡಿದ ಇಷ್ಟೊಂದು ಜನರನ್ನು ತನ್ನ ಬಾಗಿಲಿಗೇ ಸೆಳೆಯಬೇಕೆಂದು ಪ್ರತಿಯೊಬ್ಬ ಪಬ್ ಮಾಲೀಕನೂ ಪಕ್ಕದವನೊಡನೆ ಪೈಪೋಟಿಗಿಳಿದಿದ್ದ. ಬ್ರಿಟನ್ನಿನಲ್ಲಿ ಗಾಜಿನ ಮೇಲಿದ್ದ ತೆರಿಗೆ 1845ರಲ್ಲಿ ರದ್ದಾದದ್ದರಿಂದ ದೊಡ್ಡ ದೊಡ್ಡ ಗಾಜುಗಳೂ ಕನ್ನಡಿಗಳೂ ವ್ಯಾಪಾರಿಗಳ ಕೈಗೆಟುಕಿದ್ದವು. ಟೈಲ್ಸ್ ಕಾರ್ಖಾನೆಗಳಲ್ಲಿ ರಾಶಿಗಟ್ಟಲೆ ತಯಾರಾಗುತ್ತಿತ್ತು. ಕ್ರೌನ್ ಹುಟ್ಟಿದ್ದು ಈ ಪೈಪೋಟಿಯಿಂದ.

ಈಗ ಒಳಗೆ ಹೋಗೋಣ. ಬಾನುಲಿಯಲ್ಲಿ ಚಿತ್ರ ತೋರಿಸುವಂತಿಲ್ಲ, ನಿಧಾನವಾಗಿ ನಡೆಯೋಣ.

ಹೊಸ್ತಿಲ ಬಳಿ ಕಾಲಿಡುವಲ್ಲೇ, ನೆಲದ ಮೇಲೆ, ಸಣ್ಣ ಸಣ್ಣ ಬಣ್ಣದ ಚೂರುಗಳಿಂದ ರಚಿಸಿದ ಕಿರೀಟದ ಚಿತ್ರವಿದೆ. ಇದರ ಸುತ್ತ ಬೆಲ್‌ಫಾಸ್ಟಿನವರು ಹೇಳಿ ಸುಖಪಡುವ ಕತೆಯೊಂದಿದೆ. ಫ್ಲಾನಗನ್ ಐರಿಷ್ ರಾಷ್ಟ್ರೀಯತೆಯ ಕಡೆಯವನಂತೆ, ಅವನ ಹೆಂಡತಿ ಬ್ರಿಟಿಷ್ ರಾಜಮನೆತನಕ್ಕೆ ನಿಷ್ಠಳಂತೆ. ಪಬ್ಬಿಗೆ ಕಿರೀಟದ ಹೆಸರನ್ನೇ ಇಡಬೇಕೆಂದು ಆಕೆ ಹಟ ಹಿಡಿದಳಂತೆ. ಆತ ತಲೆಯಾಡಿಸಿ ಒಪ್ಪಿಕೊಂಡು, ಬರುವ ಗಿರಾಕಿಗಳೆಲ್ಲ ತುಳಿದುಕೊಂಡೇ ಒಳಹೋಗಲೆಂದು ಕಿರೀಟವನ್ನು ನೆಲದಲ್ಲಿ ಹಾಕಿಸಿದನಂತೆ. ಇದಕ್ಕೆ ದಾಖಲೆಯ ಆಧಾರ ಕೇಳುವುದು ವ್ಯರ್ಥ. ಆದರೆ ಊರಿನ ನೂರು ವರ್ಷಗಳ ಜಗಳವನ್ನು ಗಂಡಹೆಂಡಿರ ಒಂದು ಮನೆಜಗಳವಾಗಿ ಇಳಿಸಿದ ಈ ಕತೆಯ ಜಾಣತನವನ್ನು ನಾನು ಮೆಚ್ಚುತ್ತೇನೆ.

ಬಾಗಿಲು ದಾಟಿದರೆ ಒಂದು ಕಡೆ ಉದ್ದನೆಯ ಕೌಂಟರ್. ಅದರ ಮೇಲ್ಭಾಗ ಕೆಂಪು ಗ್ರಾನೈಟ್, ಮುಂಭಾಗಕ್ಕೆ ಹೊಳೆಯುವ ಟೈಲ್ಸ್, ಕೆಳಗೆ ಕಾಲಿಟ್ಟುಕೊಳ್ಳುವ ಪಟ್ಟಿ. ಈ ಪಟ್ಟಿಯನ್ನು ಬೆಚ್ಚಗಿಡುವ ಏರ್ಪಾಟೂ ಇತ್ತು. ಮಳೆಯಲ್ಲಿ ನೆನೆದ ಬೂಟು ಹಾಕಿಕೊಂಡು ಬಂದ ಗಿರಾಕಿ ಬೇಗನೆ ಎದ್ದು ಹೋಗದಂತೆ ಮಾಡಲು ಇದಕ್ಕಿಂತ ಸುಲಭೋಪಾಯ ಇನ್ನೇನಿದ್ದೀತು! ಕೌಂಟರಿನ ಹಿಂದೆ ಕೆತ್ತನೆಯ ಮರದ ಚೌಕಟ್ಟುಗಳು, ಕನ್ನಡಿಗಳು, ಪೀಪಾಯಿಗಳು. ಮೇಲೆ ಉಬ್ಬು ಚಿತ್ತಾರದ ಛಾವಣಿ. ಅಲ್ಲಿಂದ ಇಳಿಬಿದ್ದ ಗ್ಯಾಸ್ ದೀಪಗಳು ಇಂದಿಗೂ ಗ್ಯಾಸಿನಿಂದಲೇ ಉರಿಯುತ್ತವೆ. ಕಿಟಕಿಗಳ ಬಣ್ಣದ ಗಾಜಿನಲ್ಲಿ ಚಿಪ್ಪುಗಳು, ಕಿನ್ನರಿಯರು, ಅನಾನಸ್ ಹಣ್ಣುಗಳು, ವಿದೂಷಕರು. ಐರ್ಲೆಂಡಿನಲ್ಲಿ ಚರ್ಚುಗಳನ್ನು ಕಟ್ಟಲು ಬಂದಿದ್ದ ಇಟಲಿಯ ಕುಶಲಕರ್ಮಿಗಳನ್ನು ಫ್ಲಾನಗನ್ ಪುಸಲಾಯಿಸಿ, ಹಗಲಿನ ಕೆಲಸ ಮುಗಿದ ಮೇಲೆ ಇಲ್ಲಿ ದುಡಿಸಿಕೊಂಡನೆಂಬುದು ವಾಡಿಕೆಯ ಮಾತು. ಮರದ ಕೆತ್ತನೆಯನ್ನೂ ಬಣ್ಣದ ಗಾಜನ್ನೂ ನೋಡಿದವರಿಗೆ ಪೂಜಾಸ್ಥಳದ ಛಾಯೆ ಕಾಣುವುದಂತೂ ನಿಜ.

ಆದರೆ ಈ ಅಲಂಕಾರದಲ್ಲಿ ಬಹುಪಾಲು ದುಡಿಯುವ ಅಲಂಕಾರ ಎಂಬುದನ್ನು ಗಮನಿಸಬೇಕು. ತಂಬಾಕಿನ ಹೊಗೆ, ಗ್ಯಾಸ್ ದೀಪದ ಮಸಿ, ಚೆಲ್ಲಿದ ಬಿಯರು, ಬೀದಿಯ ಕೆಸರು, ಇವೆಲ್ಲವನ್ನೂ ಒದ್ದೆ ಬಟ್ಟೆಯಿಂದ ಒಮ್ಮೆಗೇ ಒರೆಸಿಹಾಕಲು ಟೈಲ್ಸಿಗಿಂತ ಒಳ್ಳೆಯ ಗೋಡೆಯಿಲ್ಲ. ಮಂಕಾದ ದೀಪದ ಬೆಳಕನ್ನು ಕನ್ನಡಿ ಇಮ್ಮಡಿಸುತ್ತದೆ. ಬಣ್ಣದ ಗಾಜು ಹಗಲಿನ ಬೆಳಕನ್ನು ಒಳಗೆ ಬಿಟ್ಟುಕೊಂಡು, ಬೀದಿಯವರ ಕಣ್ಣನ್ನು ಹೊರಗೇ ತಡೆಯುತ್ತದೆ.

ಈ ಕೊನೆಯ ಮಾತೇ ಕ್ರೌನ್‌ನ ಜೀವಾಳಕ್ಕೆ ನಮ್ಮನ್ನು ಕರೆದೊಯ್ಯುತ್ತದೆ. ಕೌಂಟರಿನ ಎದುರು ಸಾಲಿನಲ್ಲಿ ಹತ್ತು ಪುಟ್ಟ ಮರದ ಕೋಣೆಗಳಿವೆ. ಇಂಗ್ಲಿಷಿನಲ್ಲಿ ಇವನ್ನು ಸ್ನಗ್ ಎನ್ನುತ್ತಾರೆ. ಕನ್ನಡದಲ್ಲಿ ಗೂಡು ಎಂದರೆ ಹೊಂದೀತು. ಎಲ್ಲವೂ ಒಂದೇ ಅಳತೆಯವಲ್ಲ. ಎ ಇಂದ ಜೆ ವರೆಗೆ ಒಂದೊಂದಕ್ಕೂ ಒಂದು ಅಕ್ಷರ. ಆಳೆತ್ತರದ ಮರದ ತಡಿಕೆ, ಮುಚ್ಚಿಕೊಳ್ಳುವ ಬಾಗಿಲು, ಮೆತ್ತೆಯ ಆಸನ, ನಡುವೆ ಮೇಜು. ಪ್ರವೇಶದ ಕಂಬಗಳ ಮೇಲೆ ಮರದ ಸಿಂಹಗಳೂ ಗ್ರಿಫಿನ್ ಎಂಬ ಪ್ರಾಣಿಗಳೂ ಗುರಾಣಿ ಹಿಡಿದು ಕುಳಿತಿವೆ. ಸಿಂಹದ ಮೈಗೆ ಹದ್ದಿನ ತಲೆ ಅಂಟಿಸಿದ ಈ ಗ್ರಿಫಿನ್, ನಮ್ಮ ಗುಡಿಗಳ ಯಾಳಿಗೆ ದೂರದ ನೆಂಟನೆನ್ನಬಹುದು. ದೇವರ ಬಾಗಿಲು ಕಾಯುವವರಿಗೆ ಇಲ್ಲಿ ಕುಡಿಯುವವರ ಬಾಗಿಲು ಕಾಯುವ ಕೆಲಸ!

ಈ ಗೂಡುಗಳು ಬೇಕಾದದ್ದೇಕೆ? ವಿಕ್ಟೋರಿಯಾ ಯುಗದಲ್ಲಿ ಕುಡಿಯುವುದಕ್ಕಿಂತ ಕುಡಿಯುವಾಗ ಕಾಣಿಸಿಕೊಳ್ಳುವುದೇ ದೊಡ್ಡ ಅಪರಾಧವಾಗಿತ್ತು. ಪಾನನಿರೋಧದ ಚಳವಳಿ ಬೆಲ್‌ಫಾಸ್ಟಿನಲ್ಲಿ ಬಲವಾಗಿತ್ತು. ಮರ್ಯಾದಸ್ಥ ಹೆಂಗಸರು, ಪಾದ್ರಿಗಳು, ತನ್ನ ಗುಮಾಸ್ತನ ಎದುರು ಲೋಟ ಎತ್ತಲು ನಾಚುವ ಯಜಮಾನರು, ಇಂಥವರೆಲ್ಲ ಒಳಗೆ ಸೇರಿ ಬಾಗಿಲು ಹಾಕಿಕೊಂಡರೆ ಮುಗಿಯಿತು. ಇನ್ನಷ್ಟು ಬೇಕಾದರೆ ಎದ್ದು ಬರಬೇಕಾಗಿಯೂ ಇರಲಿಲ್ಲ. ಗೂಡಿನೊಳಗೇ ಕರೆಗಂಟೆಯ ಗುಂಡಿ ಇರುತ್ತಿತ್ತು. ಒತ್ತಿದರೆ ಕೌಂಟರಿನವನಿಗೆ ತಿಳಿಯುತ್ತಿತ್ತು. ಬೆಂಕಿಕಡ್ಡಿ ಗೀರಲೆಂದು ಗೋಡೆಗೆ ಸಣ್ಣ ಲೋಹದ ತಗಡುಗಳನ್ನೂ ಬಡಿದಿದ್ದರು. ಆ ತಗಡುಗಳು ಈಗಲೂ ಇವೆ. ಆದರೆ 2007ರ ಏಪ್ರಿಲ್ 30ರಂದು ಉತ್ತರ ಐರ್ಲೆಂಡಿನಲ್ಲಿ ಒಳಾಂಗಣ ಧೂಮಪಾನ ನಿಷೇಧ ಜಾರಿಗೆ ಬಂದ ಮೇಲೆ, ಇಡೀ ಪಬ್ಬಿನಲ್ಲಿ ನಿಜವಾಗಿಯೂ ಕೆಲಸ ಕಳೆದುಕೊಂಡ ಅಲಂಕಾರವೆಂದರೆ ಬಹುಶಃ ಅವೊಂದೇ.

ಇಂಥ ಒಳಾಂಗಣ ಉಳಿದದ್ದು ಸಾಮಾನ್ಯ ಸಂಗತಿಯಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ವಿಕ್ಟೋರಿಯನ್ ಶೈಲಿ ಎಂದರೆ ಹಾಸ್ಯದ ವಸ್ತುವಾಗಿತ್ತು. ನೂರಾರು ಪಬ್ಬುಗಳಲ್ಲಿ ತಡಿಕೆಗಳನ್ನು ಕಿತ್ತು, ಗೂಡುಗಳನ್ನು ಬಯಲು ಮಾಡಿ, ಟೈಲ್ಸಿನ ಮೇಲೆ ಬಣ್ಣ ಬಳಿದರು. ಕ್ರೌನ್‌ಗೆ ಇದರ ಜೊತೆಗೆ ಇನ್ನೊಂದು ಗಂಡಾಂತರವಿತ್ತು. 1971ರಲ್ಲಿ ಎದುರಿಗೆ ಯೂರೋಪಾ ಹೋಟೆಲ್ ತೆರೆಯಿತು. ಬ್ರಿಟನ್ನಿನಲ್ಲೇ ಉಳಿಯಬೇಕೆನ್ನುವವರಿಗೂ ಐರ್ಲೆಂಡನ್ನು ಸೇರಬೇಕೆನ್ನುವವರಿಗೂ ನಡುವಿನ ಉತ್ತರ ಐರ್ಲೆಂಡಿನ ರಕ್ತಪಾತ ಆಗಲೇ ಹೊತ್ತಿ ಉರಿಯುತ್ತಿತ್ತು. ದೇಶವಿದೇಶದ ಪತ್ರಕರ್ತರು ತಂಗುತ್ತಿದ್ದ ಆ ಹೋಟೆಲು ಮೂವತ್ತಕ್ಕೂ ಹೆಚ್ಚು ಬಾರಿ ಬಾಂಬ್ ದಾಳಿಗೆ ಗುರಿಯಾಯಿತು. ಎದುರುಮನೆಯಲ್ಲಿ ಬಾಂಬ್ ಸಿಡಿದರೆ ಗಾಜಿನ ಕಿಟಕಿಯ ಗತಿ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಹೊತ್ತಿನಲ್ಲಿ, 1978ರಲ್ಲಿ, ನ್ಯಾಷನಲ್ ಟ್ರಸ್ಟ್ ಈ ಪಬ್ಬನ್ನು ಕೊಂಡಿತು. ಜಮೀನುದಾರರ ಅರಮನೆಗಳನ್ನೂ ಉದ್ಯಾನಗಳನ್ನೂ ಕಾಪಾಡುವುದಕ್ಕೆ ಹೆಸರಾದ ಸಂಸ್ಥೆ ಅದು. ಅದರ ಮನವೊಲಿಸಿದವರಲ್ಲಿ ಮುಖ್ಯರಾದವರು ಬ್ರಿಟನ್ನಿನ ಆಗಿನ ರಾಜಕವಿ ಜಾನ್ ಬೆಚಮನ್. ಜನ ನಗುತ್ತಿದ್ದ ಕಾಲದಲ್ಲೇ ವಿಕ್ಟೋರಿಯನ್ ಕಟ್ಟಡಗಳ ಪರ ನಿಂತಿದ್ದವರು. ನಾಲ್ಕು ಲಕ್ಷ ಪೌಂಡು ಖರ್ಚಿನ ದುರಸ್ತಿ 1981ರಲ್ಲಿ ಮುಗಿಯಿತು. ಒಡೆದ ಗಾಜುಗಳಿಗೆ ಮೂಲದ ಮಾದರಿಯಲ್ಲೇ ಹೊಸವನ್ನು ಕೂರಿಸಿದರು. ಆದರೆ ಟ್ರಸ್ಟ್ ಮಾಡಿದ ಅತ್ಯಂತ ವಿವೇಕದ ಕೆಲಸ, ನನ್ನ ದೃಷ್ಟಿಯಲ್ಲಿ, ದುರಸ್ತಿಯಲ್ಲ. ಅಲ್ಲಿ ಹಗ್ಗ ಕಟ್ಟಿ ‘ಮುಟ್ಟಬಾರದು’ ಎಂಬ ಫಲಕ ತೂಗುಹಾಕದೆ, ಪಬ್ಬನ್ನು ಪಬ್ಬಾಗಿಯೇ ನಡೆಯಗೊಟ್ಟದ್ದು. ಇದರಿಂದ ಸವೆತ ತಪ್ಪದು, 2007ರಲ್ಲಿ ಮತ್ತೆ ದುರಸ್ತಿ ಮಾಡಬೇಕಾಯಿತು ಕೂಡ. ಆದರೂ ಗ್ರಾನೈಟಿನ ಮೇಲೆ ಇಂದಿಗೂ ಬಿಯರು ಚೆಲ್ಲುತ್ತದೆ, ಒರೆಸುತ್ತಾರೆ. ಸಂಜೆಯಾದರೆ ಗೂಡುಗಳಿಗೆ ನೂಕುನುಗ್ಗಲು. ಒಮ್ಮೆ ಒಳಸೇರಿ ಬಾಗಿಲು ಹಾಕಿಕೊಂಡವರು ಬೇಗ ಜಾಗ ಬಿಟ್ಟುಕೊಡುವುದಿಲ್ಲ. ಒಳಗೆ ಯಾರಿದ್ದಾರೆಂದು ಹೊರಗೆ ಕಾಯುವವರಿಗೆ ಈಗಲೂ ಕಾಣುವುದಿಲ್ಲ.

ನಮಸ್ಕಾರ.