ನಕ್ಷತ್ರನೌಕೆಗೊಂದು ಹೆಸರು

ಕೇಳುಗರಿಗೆ ನಮಸ್ಕಾರ.

ಬರೆಯಲು ಕಲಿಯುತ್ತಿದ್ದ ದಿನಗಳಲ್ಲಿ ನಾನೊಂದು ವಿಜ್ಞಾನ ಕಥೆಗಾಗಿ ನಕ್ಷತ್ರನೌಕೆಯನ್ನು ಕಟ್ಟಿ, ಅದಕ್ಕೆ 'ಮಹಾಪ್ರಳಯಾಂತಕ' ಎಂದು ಹೆಸರಿಟ್ಟಿದ್ದೆ. ಹಾಳೆಯ ಮೇಲೆ ಅದು ಭರ್ಜರಿಯಾಗಿಯೇ ಕಾಣುತ್ತಿತ್ತು. ಮೂರನೆಯ ಪುಟದಲ್ಲಿ ಸಿಬ್ಬಂದಿಯವನೊಬ್ಬ ಓಡಿಬಂದು, "ಮಹಾಪ್ರಳಯಾಂತಕದ ನೀರಿನ ಕೊಳವೆ ಸೋರುತ್ತಿದೆ" ಎಂದು ವರದಿ ಒಪ್ಪಿಸಬೇಕಾಗಿ ಬಂದಾಗ ಮಾತ್ರ ನನಗೇ ನಗು ತಡೆಯಲಾಗಲಿಲ್ಲ. ಅಂಕಿ ಅಕ್ಷರಗಳ ಮೊರೆಹೋದರೂ ಪಾಡು ಅದೇ. 'ಜೆಡ್ 77' ಎಂಬ ನೌಕೆಗೆ ಸಪ್ತಮಿ ವಿಭಕ್ತಿ ಹಚ್ಚಿ "ಎಪ್ಪತ್ತೇಳರಲ್ಲಿ ಬೆಂಕಿ ಬಿದ್ದಿತು" ಎಂದರೆ, ಕೇಳುವವರು ಅದನ್ನು ಇಸವಿಯೆಂದೇ ತಿಳಿಯುತ್ತಾರೆ.

ಕಥೆಯೊಳಗೂ ಆ ಹೆಸರನ್ನು ಯಾರೋ ಇಟ್ಟಿರಬೇಕಲ್ಲವೇ? ಲೇಖಕರು ಮರೆಯುವುದು ಇದನ್ನೇ. 2007ರ 'ಸನ್‌ಶೈನ್' ಚಿತ್ರದಲ್ಲಿ, ನಂದಿಹೋಗುತ್ತಿರುವ ಸೂರ್ಯನನ್ನು ಮತ್ತೆ ಹೊತ್ತಿಸಲು ಹೊರಟ ನೌಕೆಯ ಹೆಸರು 'ಇಕಾರಸ್'. ಸೂರ್ಯನ ಸಮೀಪಕ್ಕೆ ಹಾರಿ, ರೆಕ್ಕೆಯ ಮೇಣ ಕರಗಿ ಸಮುದ್ರಕ್ಕೆ ಬಿದ್ದು ಸತ್ತವನು ಗ್ರೀಕ್ ಪುರಾಣದ ಇಕಾರಸ್. ಮೊದಲನೆಯ ನೌಕೆ ಮರಳದಿದ್ದಾಗ, ಎರಡನೆಯದಕ್ಕೂ ಅದೇ ಹೆಸರಿಟ್ಟು ಕಳಿಸುತ್ತಾರೆ! ಪ್ರೇಕ್ಷಕರಿಗೆ ಮುನ್ಸೂಚನೆ ಕೊಡುವ ಆತುರದಲ್ಲಿ, ಆ ಲೋಕದ ಅಧಿಕಾರಿಗಳ ವಿವೇಕವನ್ನೇ ಬಲಿಗೊಟ್ಟಂತಾಯಿತು.

1979ರ 'ಏಲಿಯನ್' ಚಿತ್ರದ ಸರಕುನೌಕೆಗೆ 'ನಾಸ್ಟ್ರೋಮೋ' ಎಂದು ಹೆಸರಿಟ್ಟವರು ಇದಕ್ಕಿಂತ ಜಾಣರು. ಆ ಹೆಸರು ಜೋಸೆಫ್ ಕಾನ್ರಾಡ್ 1904ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ಬಂದದ್ದು; ಅಲ್ಲಿ ನಾಸ್ಟ್ರೋಮೋ ಎಂದರೆ ಒಡೆಯರು ಕಣ್ಣುಮುಚ್ಚಿ ನಂಬಿದ್ದ ಬಂದರಿನ ಮೇಸ್ತ್ರಿ, ಕೊನೆಗೆ ಗಣಿಯ ಬೆಳ್ಳಿಯಿಂದಲೇ ಕೆಟ್ಟವನು. ಅದಿರು ಹೊತ್ತು, ಕಂಪನಿಯ ಲೋಭಕ್ಕೆ ತನ್ನ ಜನರನ್ನು ತೆರುವ ನೌಕೆಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು. ಕಾನ್ರಾಡ್‌ನನ್ನು ಓದದವರಿಗೂ ಅದು ಹಳೆಯ ಹಡಗಿನ ಹೆಸರಿನಂತೆಯೇ ಕೇಳಿಸುತ್ತದೆ. ಯಾವ ಗುಟ್ಟೂ ಬಯಲಾಗುವುದಿಲ್ಲ.

'ಸ್ಟಾರ್ ಟ್ರೆಕ್' ಟಿವಿ ಸರಣಿಯ ನೌಕೆ 'ಎಂಟರ್‌ಪ್ರೈಸ್'ನದು, ನೌಕಾಪಡೆಯ ಹಡಗುಗಳು ತಲೆಮಾರುಗಳಿಂದ ಹೊತ್ತುಬಂದ ಹೆಸರು. ಅಮೆರಿಕದ ಮೊದಲ ಸ್ಪೇಸ್ ಷಟಲ್‌ಗೆ 'ಕಾನ್ಸ್ಟಿಟ್ಯೂಷನ್' ಎಂದು ಹೆಸರಿಡಬೇಕೆಂದಿದ್ದಾಗ, ಸರಣಿಯ ಅಭಿಮಾನಿಗಳು ರಾಶಿ ರಾಶಿ ಪತ್ರ ಬರೆದು 1976ರಲ್ಲಿ ಅದನ್ನು 'ಎಂಟರ್‌ಪ್ರೈಸ್' ಎಂದು ಬದಲಾಯಿಸುವಂತೆ ಮಾಡಿದರು. ಪಾಪ, ಆ ವಾಹನವನ್ನು ವಾತಾವರಣದೊಳಗಿನ ಪರೀಕ್ಷೆಗಳಿಗೆ ಮಾತ್ರ ಹಾರಿಸಲಾಯಿತು. ಅದು ಅಂತರಿಕ್ಷವನ್ನು ಕಾಣಲೇ ಇಲ್ಲ.

ಹೆಸರು ಚಿಕ್ಕದಾಗಿರಲಿ ಎನ್ನುವ ನನ್ನ ಹಟವನ್ನು ಸಡಿಲಿಸಿದವನು ಸ್ಕಾಟ್ಲೆಂಡಿನ ಕಾದಂಬರಿಕಾರ ಇಯಾನ್ ಬ್ಯಾಂಕ್ಸ್. ಅವನ 'ಕಲ್ಚರ್' ಕಾದಂಬರಿಗಳಲ್ಲಿ ನೌಕೆಗಳಿಗೇ ಬುದ್ಧಿಯುಂಟು, ಹೆಸರನ್ನು ಅವೇ ಆರಿಸಿಕೊಳ್ಳುತ್ತವೆ. 1988ರ ಕಾದಂಬರಿಯೊಂದರಲ್ಲಿ ಒಂದು ನೌಕೆಯ ಹೆಸರು, 'ನಿನ್ನನ್ನು ನಾನು ಈಗಲೂ ಪ್ರೀತಿಸುತ್ತೇನೆ, ಅದರಲ್ಲೇನು ಸಂಶಯ' ಎಂಬರ್ಥದ ಇಡೀ ವಾಕ್ಯ. ಜಗಳವಾಡಿ ಹೊರಟವರು ಬಾಗಿಲಲ್ಲಿ ತಿರುಗಿ ನಿಂತು ಆಡಿದ ಮಾತಿನಂತಿರುವ ಆ ಹೆಸರನ್ನು ಸ್ಪೇಸ್‌ಎಕ್ಸ್ ಸಂಸ್ಥೆ ಸಮುದ್ರದಲ್ಲಿ ತೇಲುವ ತನ್ನ ಇಳಿದಾಣಕ್ಕೆ ಇಟ್ಟುಕೊಂಡಿತು; 2016ರ ಏಪ್ರಿಲ್‌ನಲ್ಲಿ ಆ ಸಂಸ್ಥೆಯ ರಾಕೆಟ್ ಮೊತ್ತಮೊದಲ ಬಾರಿಗೆ ಕಡಲ ನಡುವೆ ನೆಟ್ಟಗೆ ಬಂದಿಳಿದದ್ದು ಅದರ ಮೇಲೆಯೇ.